ಸುಣ್ಣ ಕಟ್ಟುವ ಕಾಲ

ಇಪ್ಪತ್ತಾರು ವರ್ಷ
ಸುಣ್ಣದ ಜೊತೆ ಜಗಳವಾಡಿದ ಕೈ ಇದು.

ಕೃಷ್ಣೆಯ ನೀರು ಶಕ್ತಿನಗರದ ಪೈಪು ಹೊಕ್ಕು
ನನ್ನ ಮುಂದೆ ಬಂದು ನಿಲ್ಲುತ್ತದೆ.
ಊರೂರ ಕಲ್ಲು ತೊಳೆದು ಬಂದವಳ
ಗಂಟು ಬಿಚ್ಚಿಸಿ
ಸುಣ್ಣ, ಉಪ್ಪು, ದಂಡೆಯ ಮಣ್ಣಿನ ನೆನಪು
ಒಂದೊಂದೇ ಕಸಿದುಕೊಂಡು
ಏನೂ ಇಲ್ಲದ ನೀರನ್ನು ಬಾಯ್ಲರಿಗೆ ಕಳಿಸುತ್ತೇನೆ.
ಕೊಳವೆಯೊಳಗೆ ಕೂದಲೆಳೆಯಷ್ಟು ಹಕ್ಕಳೆ ಕಟ್ಟಿದರೂ
ಸಾಹೇಬರ ಫೋನು.

ಹನಿ ಬಿಡುತ್ತ ಎಣಿಸಬೇಕು,
ಕೆಂಪು ನೀರು ನೀಲಿಯಾಗುವವರೆಗೆ.
ಎಣಿಸುವುದಕ್ಕೇ ಏನೂ ಉಳಿಯದಿದ್ದರೆ ಸೊನ್ನೆ.
ಆ ರಾತ್ರಿ ಕ್ಯಾಂಟೀನಿನ ಚಹಾಕ್ಕೂ ರುಚಿ.

ಇತ್ತ ಮನೆಯಲ್ಲಿ, ಟಿ.ವಿ. ಇದ್ದ ಜಾಗದಲ್ಲಿ,
ಮೂರಡಿ ಗಾಜಿನ ಸಮುದ್ರ.
ಅದೇ ಹನಿ, ಅದೇ ಕೆಂಪು, ಅದೇ ನೀಲಿ.
ನಾನೂರ ಇಪ್ಪತ್ತು ಬಾರದಿದ್ದರೆ ನಿದ್ದೆಯಿಲ್ಲ.
ಪೊಟ್ಟಣ ಒಡೆದು ತಿಳಿಸುಣ್ಣ ಕಲಸುವಾಗ
ಎಲೆಗೆ ಸುಣ್ಣ ಸವರುತ್ತ ಹುಲಿಗೆಮ್ಮ:
"ಸಾವಿರ ರೂಪಾಯಿ ಸುರುವಿ ಸುಣ್ಣ ತಂದೀರೇನು?
ನನ್ನ ಡಬ್ಬ್ಯಾಗ ಬೇಕಾದಷ್ಟು ಐತಿ, ಬಳಕೊಳ್ರಿ."

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ.
ನನಗೆ ಎರಡು ಕಣ್ಣಿಗೂ ಸುಣ್ಣವೇ;
ಒಂದು ಕಣ್ಣು ಮಾತ್ರ ಅದನ್ನು ಬೆಣ್ಣೆ ಅನ್ನುತ್ತದೆ.

ಮೊದಲ ಆರು ತಿಂಗಳು ಕಲ್ಲು ಬರೀ ಎಲುಬು.
ಆಮೇಲೆ ಕಂದು ಧೂಳು. ಆಮೇಲೆ ಹಸಿರು ಜುಟ್ಟು.
ನಾನು ಕಾಯುತ್ತಿದ್ದುದು ಅದನ್ನಲ್ಲ.
ಕಲ್ಲಿನಂಥ ಪಾಚಿ ಒಂದಿದೆ,
ಎಲೆಯಿಲ್ಲ, ಬೇರಿಲ್ಲ, ಅಲೆಗೆ ಅಲುಗುವುದಿಲ್ಲ,
ನೀರಿನ ಸುಣ್ಣ ಕುಡಿದು ಬಣ್ಣದ ಗಾರೆಯಾಗಿ
ಬಂಡೆಗೆ ಹತ್ತಿಕೊಳ್ಳುತ್ತದೆ.

ಹೈದರಾಬಾದಿನ ಅಂಗಡಿಯಲ್ಲಿ ಇಲಿಯಾಸ್ ಭಾಯಿ
ಒಂದು ಬಸವನಹುಳು ಎತ್ತಿ, "ಇದರ ಬೆನ್ನು ನೋಡ್ರಿ" ಅಂದ.
ಚಿಪ್ಪಿನ ತುದಿಗೆ
ಈರುಳ್ಳಿ ಸಿಪ್ಪೆಯ ಬಣ್ಣದ ಒಂದು ಚುಕ್ಕೆ.
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಪಕ್ಕದವನು ಕೇಳಿದ, ಡಬ್ಬಿಯೊಳಗೇನು, ಜಾಮೂನಾ?

ಮೇ ತಿಂಗಳು. ನಲವತ್ನಾಲ್ಕು ಡಿಗ್ರಿ.
ನಾಡಿಗೆಲ್ಲ ಕರೆಂಟು ಕಾಯಿಸಿ ಕೊಡುವ ಊರಲ್ಲಿ
ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಹತ್ತು ತಾಸು.
ಹಿಂದಿನ ಓಣಿಯ ಫ್ರಿಜ್ಜುಗಳಿಂದ
ಐಸು ಕಟ್ಟಿದ ಬಾಟಲಿ ಬೇಡಿ ತಂದಳು ಹುಲಿಗೆಮ್ಮ.
ರಾತ್ರಿಯಿಡೀ ಲೋಟದಲ್ಲಿ ನೀರೆತ್ತಿ
ಮೇಲಿನಿಂದ ಸುರಿದೆವು, ಸರದಿಯ ಮೇಲೆ,
ಸಮುದ್ರ ಉಸಿರಾಡಲಿ ಅಂತ.
ಬೆಳಗ್ಗೆ ಹುಳು ಮಗುಚಿ ಬಿದ್ದಿತ್ತು.
ಎಸೆಯಲು ಹೋದವನನ್ನು ಆಕೆಯೇ ತಡೆದಳು:
"ಚಿಪ್ಪು ಇರ್ಲಿ. ತೊಳೆದು ಒಳಗ ಹಾಕ್ರಿ."

ದಸರೆಗೆಂದು ಗೋಡೆಗೆ ಸುಣ್ಣ ಬಳಿಸಿದ ವಾರ
ಗಾಜಿನ ಮೂಲೆಯಲ್ಲಿ, ಬ್ಲೇಡು ಮುಟ್ಟದಲ್ಲಿ,
ಜೋಳದ ಕಾಳಿನಷ್ಟು ಗುಲಾಬಿ.
ಕನ್ನಡಕ ಒರೆಸಿದೆ. ಟಾರ್ಚು ಹಾಕಿದೆ.
ಪಕ್ಕದಲ್ಲಿ ಇನ್ನೊಂದು, ಸಾಸಿವೆಯಷ್ಟು.
ಯಾರಿಗೆ ಹೇಳಲಿ?
ಸುಣ್ಣ ಕಟ್ಟಿತೆಂದು ಪೇಢೆ ಹಂಚುವವನನ್ನು
ಆ ಗೇಟಿನೊಳಗೆ ಯಾರು ಬಿಟ್ಟಾರು?

ಈ ಚಳಿಗಾಲ ಅದು ಕಲ್ಲು ಬಿಟ್ಟು ಪಂಪು ಹಿಡಿದಿದೆ.
ಬದನೆಕಾಯಿ ಬಣ್ಣ, ಅಂಚಿಗೆ ಬಿಳಿ ಗೆರೆ,
ಇಳಕಲ್ ಸೀರೆಯಂತೆ ಮೈತುಂಬ ಸುತ್ತಿಕೊಂಡು
ರೆಕ್ಕೆ ತಿರುಗದ ಹಾಗೆ ಬಿಗಿದಿದೆ.
ಗುಂಯ್ ಅನ್ನುತ್ತದೆ ಮೋಟರು. ಕೆರೆಯಬೇಕು.
ಇಪ್ಪತ್ತಾರು ವರ್ಷದ ಕೈಗೆ ಹೊಸದೇನಲ್ಲ,
ಆದರೂ ಬ್ಲೇಡು ಹಿಡಿದು ಕೂತೇ ಇದ್ದೆ.

ನಳ ತಿಕ್ಕುವ ಹುಣಸೆಹುಳಿಯ ಬಟ್ಟಲು ತಂದು
ಹುಲಿಗೆಮ್ಮ ಪಂಪು ಕಸಿದುಕೊಂಡಳು.
ರೆಕ್ಕೆಯ ಸುತ್ತ ಬೆರಳಾಡಿಸಿದಳು, ಅಷ್ಟೇ.
ಬೆನ್ನ ಮೇಲಿನದನ್ನು ಮುಟ್ಟಲಿಲ್ಲ.
"ಇದು ಇರ್ಲಿ, ಯಾರಿಗೇನು ತ್ರಾಸು."
ಅವಳ ಉಗುರ ಸಂದಿಯಲ್ಲಿದ್ದದ್ದು
ಸುಣ್ಣವೋ, ಅಡಿಕೆಯ ಕೆಂಪೋ, ಸಮುದ್ರವೋ.
ಎಣಿಸಿ ಹೇಳಲು ನನ್ನ ಬಳಿ ಹನಿಯಿರಲಿಲ್ಲ.